ಟಪಾಲಿನಲ್ಲಿ ದೇಶ ಸುತ್ತಿದ ಕಾದಂಬರಿ

(ಕಲಬುರಗಿಯಲ್ಲಿ ಓದುಗ ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ಶರಣು ಶರಣಾರ್ಥಿ.

ಇವತ್ತು ನಾನು ಮಾತಾಡಲು ಬಂದಿರುವುದು ಒಂದು ಕಾದಂಬರಿಯ ಒಂದೇ ಒಂದು ಪ್ರತಿಯ ಬಗ್ಗೆ. ಗೀತಾ ನಾಗಭೂಷಣ ಅವರ ‘ಬದುಕು’ ಅದು. ಮೇಜಿನ ಮೇಲೆ ಇಟ್ಟಿದ್ದೇನೆ, ಆಮೇಲೆ ಎಲ್ಲರೂ ಕೈಗೆತ್ತಿಕೊಂಡು ನೋಡಿ. ಮೂಲೆಗಳು ಸವೆದಿವೆ. ಬೆನ್ನಿಗೆ ಟೇಪ್ ಬಿದ್ದಿದೆ. ಪುಟಗಳ ಅಂಚಿನಲ್ಲಿ ಬೇರೆ ಬೇರೆ ಕೈಬರಹ. ಈ ಪ್ರತಿ ಕಲಬುರಗಿಯಿಂದ ಹೊರಟು ಮಸ್ಕತ್, ದುಬೈ, ಜರ್ಮನಿ, ಇಂಗ್ಲೆಂಡ್, ಅಮೆರಿಕ ಎಲ್ಲ ಕಂಡು ಮನೆಗೆ ವಾಪಸ್ ಬಂದಿದೆ. ದಾರಿಯುದ್ದಕ್ಕೂ ಟಪಾಲಿನಲ್ಲೇ ಓಡಾಡಿದೆ.

ಈ ಕಾದಂಬರಿಯನ್ನೇ ಯಾಕೆ ಆರಿಸಿದೆವು ಅಂತ ಇಲ್ಲಿ ಯಾರೂ ಕೇಳಲಾರರು ಅಂದುಕೊಂಡಿದ್ದೇನೆ. ನಮ್ಮ ಸೀಮೆಯ ಮಾತು, ನಮ್ಮ ಸೀಮೆಯ ಬಡವರ ಜೀವನ ಇಷ್ಟು ಗಟ್ಟಿಯಾಗಿ ಕಾದಂಬರಿಯೊಳಗೆ ಬಂದದ್ದು ಕಡಿಮೆ. 2004ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೊರಗೆ ಹೋಗಿ ನೆಲೆಸಿದ ನಮ್ಮವರಿಗೆ ಊರಿನಿಂದ ಏನಾದರೂ ಕಳಿಸಬೇಕು ಅಂದರೆ ನನಗೆ ಇದಕ್ಕಿಂತ ಒಳ್ಳೆಯದು ತೋಚಲಿಲ್ಲ.

ನಡೆಯುವ ರೀತಿ ಸರಳ. ಒಬ್ಬರು ಪುಸ್ತಕ ಕೊಡುತ್ತಾರೆ. ಓದುವ ಆಸೆ ಇರುವವರು ಹೆಸರು, ವಿಳಾಸ ಬರೆಸುತ್ತಾರೆ. ಯಾರಾದ ಮೇಲೆ ಯಾರು ಅಂತ ಒಂದು ಸಾಲು ಮಾಡುತ್ತೇವೆ. ಮೊದಲಿನವರು ಓದಿ ಎರಡನೆಯವರಿಗೆ ಕಳಿಸುತ್ತಾರೆ, ಎರಡನೆಯವರು ಮೂರನೆಯವರಿಗೆ. ಒಬ್ಬರ ಹತ್ತಿರ ಒಂದು ತಿಂಗಳು. ಟಪಾಲಿನ ಖರ್ಚು ಕಳಿಸುವವರದು. ಕೊನೆಯವರು ಹೊರಟ ಮನೆಗೇ ಕಳಿಸುತ್ತಾರೆ. ನಾವು ಇದಕ್ಕೆ ಸುಮ್ನೆ ‘ಸುತ್ತು’ ಅನ್ನುತ್ತೇವೆ.

ಇದೇನೂ ನಾವು ಕಂಡುಹಿಡಿದದ್ದಲ್ಲ. 2001ರಲ್ಲಿ ಅಮೆರಿಕದ ರಾನ್ ಹಾರ್ನ್‌ಬೇಕರ್ ಅನ್ನುವವರು ಬುಕ್‌ಕ್ರಾಸಿಂಗ್ ಶುರು ಮಾಡಿದರು. ಓದಿದ ಪುಸ್ತಕದ ಮೇಲೆ ಒಂದು ನಂಬರ್ ಹಚ್ಚಿ, ಪಾರ್ಕಿನ ಬೆಂಚಿನ ಮೇಲೋ ಹೋಟೆಲಿನಲ್ಲೋ ಬಿಟ್ಟು ಬರುವುದು. ಸಿಕ್ಕವರು ಓದಿ, ಆ ನಂಬರಿನ ಮೇಲೆ ಸುದ್ದಿ ತಿಳಿಸುವುದು. ಅದರ ಜೊತೆಗೇ ಟಪಾಲಿನ ಸುತ್ತುಗಳೂ ಬೆಳೆದವು. ಹೊರಟ ಮನೆಗೆ ತಿರುಗಿ ಬಂದರೆ ಅದು ಬುಕ್ ರಿಂಗ್. ತಿರುಗಿ ಬಾರದೆ ಮುಂದೆ ಮುಂದೆ ಹೋಗುತ್ತಲೇ ಇದ್ದರೆ ಬುಕ್ ರೇ. ನಾನು ರಿಂಗಿನ ಪಕ್ಷ. ಪುಸ್ತಕ ವಾಪಸ್ ಬಂದಾಗಲೇ ಅದು ದಾರಿಯಲ್ಲಿ ಏನೇನು ಕೂಡಿಸಿಕೊಂಡಿತು ಅನ್ನುವುದು ಗೊತ್ತಾಗುತ್ತದೆ.

ಪುಸ್ತಕ ಹಂಚುವ ಮಾತು ಬಂದರೆ ನಾವು ಅಮೆರಿಕದ ತನಕ ಹೋಗುವುದೂ ಬೇಕಿಲ್ಲ. ನಮ್ಮ ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಹತ್ತನೇ ಶತಮಾನದಲ್ಲಿ ಮುಮ್ಮಡಿ ಕೃಷ್ಣನ ಆಶ್ರಯದಲ್ಲಿದ್ದ ಕವಿ ಪೊನ್ನ. ಅವನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದವಳು ಅತ್ತಿಮಬ್ಬೆ. ಅಚ್ಚಿನ ಮನೆ ಇಲ್ಲದ ಕಾಲ. ಒಂದೊಂದು ಪ್ರತಿಯನ್ನೂ ಯಾರೋ ಕೂತು ಕೈಯಲ್ಲಿ ಬರೆಯಬೇಕಿತ್ತು. ಆ ಖರ್ಚು, ಆ ತಾಳ್ಮೆ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಪ್ರತಿ ಹೆಚ್ಚಾದರೆ ಕಾವ್ಯ ಉಳಿಯುತ್ತದೆ ಅನ್ನುವುದು ಆಕೆಯ ನಂಬಿಕೆ. ಅವಳ ಕಾಲಕ್ಕೆ ಅದೇ ಸರಿ.

ಆಮೇಲೂ ಬಹಳ ಕಾಲ ನಮ್ಮಲ್ಲಿ ಪುಸ್ತಕಕ್ಕೇ ಬರ. ನಿಜಾಮರ ಆಳ್ವಿಕೆಯಲ್ಲಿ ಕಚೇರಿ, ಶಾಲೆ ಎಲ್ಲ ಉರ್ದುವಿನಲ್ಲಿ. ಅಂಚೆಯೂ ಬೇರೆ. ಹೈದರಾಬಾದ್ ಸಂಸ್ಥಾನ 1869ರಲ್ಲೇ ತನ್ನದೇ ಅಂಚೆಚೀಟಿ ತಂದಿತ್ತು. ಆ ಟಪಾಲು ಭಾರತದ ಅಂಚೆಯಲ್ಲಿ ಸೇರಿದ್ದು 1950ರಲ್ಲಿ. ಅಂಥ ಕಾಲದಲ್ಲಿ ಒಂದು ಕನ್ನಡ ಪುಸ್ತಕ ಊರಿಗೆ ಬಂದರೆ ಅದು ಒಂದೇ ಮನೆಯಲ್ಲಿ ಇರುತ್ತಿರಲಿಲ್ಲ, ಓಣಿಯೆಲ್ಲ ತಿರುಗುತ್ತಿತ್ತು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ಆ ಕಡೆ ಧಾರವಾಡ ಸೀಮೆಯಲ್ಲಿ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಓದುಗರಿಗೆ ಮುಟ್ಟಿಸಿದ್ದು ನಿಮಗೆಲ್ಲ ಗೊತ್ತೇ ಇದೆ.

ಈಗ ಹಾಗಿಲ್ಲ ಅಲ್ವಾ. ಪ್ರತಿಗೆ ಬರವಿಲ್ಲ. ಸಮ್ಮೇಳನದ ಮಳಿಗೆಯಲ್ಲಿ ಚೀಲ ತುಂಬ ಪುಸ್ತಕ ತರುತ್ತೇವೆ. ಫೋನಿನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೇ ಬರುತ್ತದೆ. ತಂದದ್ದು ಕಪಾಟು ಸೇರುತ್ತದೆ. ನಾಳೆ ಓದೋಣ, ರಜೆಯಲ್ಲಿ ಓದೋಣ, ನಿವೃತ್ತಿಯಾದ ಮೇಲೆ ಓದೋಣ. ಪುಸ್ತಕ ನಮ್ಮದೇ ಆಗಿರುವುದರಿಂದ ಅವಸರವೇ ಇಲ್ಲ.

ಸುತ್ತಿನ ಪುಸ್ತಕಕ್ಕೆ ಈ ಗತಿ ಬರುವುದಿಲ್ಲ. ಯಾಕೆಂದರೆ ಮುಂದೆ ಒಬ್ಬರು ಕಾಯುತ್ತಿರುತ್ತಾರೆ. ಅವರ ಹೆಸರು ಗೊತ್ತು, ಊರು ಗೊತ್ತು. ಪುಸ್ತಕ ಬಂತಾ ಅಂತ ಅವರು ಕೇಳುತ್ತಾರೆ. ನಮ್ಮ ಕೈಯಲ್ಲಿರುವುದು ನಮ್ಮದಲ್ಲ, ಅವರಿಗೆ ಮುಟ್ಟಬೇಕಾದದ್ದು. ನಾನು ಇವತ್ತು ಒತ್ತಿ ಹೇಳುವ ಮಾತು ಇದೊಂದೇ. ಕಾಯುವ ಒಬ್ಬ ಮನುಷ್ಯ ಇದ್ದರೆ ಓದು ಆಗುತ್ತದೆ.

ದುಬೈನಲ್ಲಿರುವ ಆಳಂದ ಕಡೆಯ ಒಬ್ಬ ತಮ್ಮನ ಮಾತು ಹೇಳುತ್ತೇನೆ. ಕಟ್ಟಡಗಳಲ್ಲಿ ವೈರಿಂಗ್ ಕೆಲಸ. ಒಂದು ಕೋಣೆಯಲ್ಲಿ ಆರೆಂಟು ಜನ. ಯಾರೋ ಹೇಳಿದರು ಅಂತ ಹೆಸರು ಬರೆಸಿದ್ದ. ಪುಸ್ತಕ ಮುಟ್ಟಿದ ಮೇಲೆ ಬಹಳ ದಿನ ಸುದ್ದಿ ಇಲ್ಲ. ಮುಂದಿನ ಸಾಲಿನಲ್ಲಿದ್ದವರು ಜರ್ಮನಿಯಲ್ಲಿ ನೆಲೆಸಿದ ಮಂಗಳೂರಿನ ಒಬ್ಬ ಅಕ್ಕ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಅವನಿಗೆ ಫೋನ್ ಮಾಡಿ, ಎಲ್ಲಿ ತನಕ ಬಂದೆ, ಕತೆ ಏನಾಯಿತು ಅಂತ ಕೇಳಿದರು. ಅಷ್ಟೇ. ಆಮೇಲೆ ಅವನು ದಿನಾ ಡ್ಯೂಟಿ ಮುಗಿಸಿ ಓದಿದ. ಕೋಣೆಯವರು ಮಲಗಿದ ಮೇಲೆ ಫೋನಿನ ಬೆಳಕು ಹಿಡಿದು ಓದಿದ. ಮುಗಿಸಿ ನನಗೆ ಫೋನ್ ಮಾಡಿದ.

‘ಯಕ್ಕಾ, ನಾ ಓದಿದ್ದು ಹತ್ತನೇತ್ತ ತನಕ. ಇಷ್ಟು ದೊಡ್ಡ ಪುಸ್ತಕ ಕೈಯಾಗ ಹಿಡದವನೇ ಅಲ್ಲ. ಆದ್ರ ಅಲ್ಲಿ ಒಬ್ರು ದಾರಿ ಕಾಯ್ಲತ್ತಾರ ಅಂದ್ರ ಹ್ಯಾಂಗ ಇಟ್ಕೊಂಡು ಕೂಡ್ಲಿ?’

ನಾವು ಓದು ಹೆಚ್ಚಿಸಬೇಕು ಅಂತ ಎಷ್ಟು ಸಭೆ ಮಾಡಿದ್ದೇವೆ! ಓದಿ ಓದಿ ಅಂತ ಹೇಳಿದರೆ ಯಾರೂ ಓದುವುದಿಲ್ಲ. ನೀನು ಓದಿ ನನಗೆ ಕೊಡು ಅಂದರೆ ಓದುತ್ತಾರೆ.

ಈಗ ಮಸ್ಕತ್ ಸಂಗತಿ. 2020ರ ಫೆಬ್ರುವರಿಯಲ್ಲಿ ನಮ್ಮ ಕಲಬುರಗಿಯಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಆಯಿತು. ಆ ಉತ್ಸಾಹದಲ್ಲೇ ಈ ಪ್ರತಿಯನ್ನು ಹೊರಡಿಸಿದ್ದು. ಮೊದಲ ಓದುಗರು ಬೀದರ್ ಕಡೆಯವರು, ಮಸ್ಕತ್‌ನಲ್ಲಿ ನರ್ಸ್. ಪುಸ್ತಕ ಅವರ ಕೈ ಸೇರಿದ್ದೇ ತಡ, ಕೊರೊನಾ ಬಂತು. ಮಾರ್ಚ್ ಕೊನೆಗೆ ವಿಮಾನಗಳು ನಿಂತವು. ವಿಮಾನ ನಿಂತರೆ ಹೊರದೇಶದ ಟಪಾಲೂ ನಿಂತ ಹಾಗೆ. ಸುತ್ತು ಮೊದಲ ಮನೆಯಲ್ಲೇ ಸಿಕ್ಕಿಹಾಕಿಕೊಂಡಿತು.

ಆ ಅಕ್ಕನಿಗೆ ಆಸ್ಪತ್ರೆಯಲ್ಲಿ ಹಗಲು ರಾತ್ರಿ ಕೆಲಸ. ಓದಲು ಎಲ್ಲಿಯ ಬಿಡುವು? ಅವರು ಮಾಡಿದ್ದೇನು ಗೊತ್ತಾ? ಅದೇ ಕಟ್ಟಡದಲ್ಲಿ ಕೆಲವು ಕನ್ನಡ ಕುಟುಂಬಗಳಿದ್ದವು. ಹೊರಗೆ ಹೋಗುವಂತಿಲ್ಲ, ಊರಿಗೆ ಬರುವಂತಿಲ್ಲ, ಊರಿನಲ್ಲಿ ಅಪ್ಪ ಅಮ್ಮ ಹೇಗಿದ್ದಾರೋ ಅನ್ನುವ ದಿಗಿಲು. ಆ ಮನೆಗಳಿಗೆ ಪುಸ್ತಕ ಕೊಟ್ಟರು. ಒಂದು ಮನೆಯವರು ಓದಿ ಬಾಗಿಲ ಹೊರಗೆ ಇಡುವುದು. ಇನ್ನೊಂದು ಮನೆಯವರು ಅದನ್ನು ಎರಡು ದಿನ ಬಾಲ್ಕನಿಯ ಬಿಸಿಲಿಗೆ ಇಟ್ಟು ಒಳಗೆ ತರುವುದು. ನಮ್ಮ ಪಟ್ಟಿಯಲ್ಲಿ ಇಲ್ಲದವರೆಲ್ಲ ಓದಿಬಿಟ್ಟರು! ಆ ಹೊತ್ತಿನಲ್ಲಿ ಟಪಾಲು ಮಾಡಬೇಕಾದ ಕೆಲಸವನ್ನು ಒಂದು ಮೆಟ್ಟಿಲು ಮಾಡಿತು.

ಜೂನ್ 28ಕ್ಕೆ ‘ಬದುಕು’ ಬರೆದ ಗೀತಕ್ಕ ತೀರಿಕೊಂಡರು. ಪುಸ್ತಕ ಆಗ ಇನ್ನೂ ಆ ಕಟ್ಟಡದಲ್ಲೇ ಇತ್ತು. ಅವತ್ತು ಓದುತ್ತಿದ್ದವರು ತಾವು ತಲುಪಿದ್ದ ಪುಟದ ಅಂಚಿನಲ್ಲಿ ತಾರೀಖು ಹಾಕಿ ಬರೆದಿದ್ದಾರೆ. ‘ಇವತ್ತು ಗೀತಕ್ಕ ಹೋದರು. ಇಲ್ಲಿಂದ ಮುಂದಿನದು ಅವರಿಲ್ಲದೆ ಓದಬೇಕು.’ ಆ ಪುಟಕ್ಕೆ ಒಂದು ದಾರ ಇಟ್ಟಿದ್ದೇನೆ. ಸಮ್ಮೇಳನದ ಊರಿನಲ್ಲೇ ಅವರಿದ್ದರು, ನಾಲ್ಕು ತಿಂಗಳು ಮುಂಚೆ. ಈ ಪ್ರತಿ ವಾಪಸ್ ಬಂದ ಮೇಲೆ ಅವರ ಕೈಗೆ ಕೊಡುವ ಆಸೆ ನನಗಿತ್ತು.

ಅಂಚಿನಲ್ಲಿ ಬರೆಯುವುದು ತಪ್ಪಲ್ಲವೇ ಅಂತ ಗ್ರಂಥಾಲಯದಲ್ಲಿ ಕೆಲಸ ಮಾಡಿದ ಹಿರಿಯರು ಕೇಳಿದ್ದಾರೆ. ಗ್ರಂಥಾಲಯದ ಪುಸ್ತಕಕ್ಕೆ ತಪ್ಪು, ಖಂಡಿತ ತಪ್ಪು. ಸುತ್ತಿನ ಪ್ರತಿ ಬೇರೆ. ಅದನ್ನು ಇದಕ್ಕಾಗಿಯೇ ಕೊಂಡಿರುತ್ತೇವೆ. ಪೆನ್ಸಿಲ್ ಮಾತ್ರ, ಅಕ್ಷರದ ಮೇಲೆ ಗೆರೆ ಎಳೆಯಬಾರದು, ಮುಂದಿನ ಕತೆ ಬಿಟ್ಟುಕೊಡಬಾರದು. ನಮ್ಮ ಕಡೆ ಯಾರಾದರೂ ಡಬ್ಬಿಯಲ್ಲಿ ಏನಾದರೂ ಕಳಿಸಿದರೆ ಖಾಲಿ ಡಬ್ಬಿ ವಾಪಸ್ ಕೊಡುವುದಿಲ್ಲ ಅಲ್ವಾ, ಹಾಗೆಯೇ ಇದೂ. ಜರ್ಮನಿಯ ಅಕ್ಕನಿಗೆ ನಮ್ಮ ಮಾತು ಎಷ್ಟೋ ಕಡೆ ತಿಳಿದಿಲ್ಲ. ಪ್ರಶ್ನೆ ಚಿಹ್ನೆ ಹಾಕುತ್ತಾ ಹೋಗಿದ್ದಾರೆ. ಮುಂದೆ ಅಮೆರಿಕದಲ್ಲಿ ಓದಿದ ಯಾದಗಿರಿಯ ಹುಡುಗ ಒಂದೊಂದು ಪ್ರಶ್ನೆಯ ಪಕ್ಕವೂ ಅರ್ಥ ಬರೆದಿದ್ದಾನೆ. ಕೆಲವು ಕಡೆ ಅರ್ಥದ ಜೊತೆಗೆ ತನ್ನ ಅಜ್ಜಿ ಅದನ್ನು ಯಾವಾಗ ಅನ್ನುತ್ತಿದ್ದಳು ಅನ್ನುವುದನ್ನೂ ಬರೆದಿದ್ದಾನೆ. ಆ ಅಕ್ಕ ಆ ಉತ್ತರ ನೋಡಬೇಕಲ್ಲ? ಅದಕ್ಕೆ ಆ ಪುಟಗಳ ಫೋಟೋ ತೆಗೆದು ಅವರಿಗೆ ಕಳಿಸಿದೆವು. ಇಬ್ಬರೂ ಒಬ್ಬರನ್ನೊಬ್ಬರು ಈವರೆಗೆ ನೋಡಿಲ್ಲ.

ಸರಿ, ಇನ್ನು ಟಪಾಲಿನ ವಿಚಾರ. ಸುತ್ತು ಕಟ್ಟುವವರಿಗೆ ಇದು ಗೊತ್ತಿರಬೇಕು.

1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ಊರಿನಲ್ಲಿ 22 ದೇಶಗಳು ಕೂಡಿ ಒಂದು ಒಪ್ಪಂದ ಮಾಡಿಕೊಂಡವು. ಅದೇ ಮುಂದೆ ವಿಶ್ವ ಅಂಚೆ ಒಕ್ಕೂಟ ಆಯಿತು. ಭಾರತ 1876ರಲ್ಲಿ ಸೇರಿತು. ನಾವು ಕಲಬುರಗಿಯಲ್ಲಿ ಹಚ್ಚಿದ ಚೀಟಿಯನ್ನು ಜರ್ಮನಿಯ ಪೋಸ್ಟ್‌ಮನ್ ಒಪ್ಪಿಕೊಂಡು ಪುಸ್ತಕ ಮುಟ್ಟಿಸುತ್ತಾನೆ. ಯಾವ ದೇಶದಲ್ಲಿದ್ದರೂ ಅಲ್ಲಿನ ದುಡ್ಡಿನಲ್ಲಿ, ಅಲ್ಲಿನ ಕೌಂಟರಿನಲ್ಲಿ ಕೊಟ್ಟರೆ ಸಾಕು. ಒಬ್ಬರು ಇನ್ನೊಬ್ಬರಿಗೆ ದುಡ್ಡು ಕಳಿಸುವ ರಗಳೆ ಇಲ್ಲ. ಸುತ್ತು ಸಾಧ್ಯವಾಗಿರುವುದೇ ಇದರಿಂದ.

ಆದರೆ ಎಲ್ಲ ದೇಶದಲ್ಲೂ ಖರ್ಚು ಒಂದೇ ಅಲ್ಲ. ಅಮೆರಿಕದ ಒಳಗೆ ಪುಸ್ತಕ ಕಳಿಸಲು ಮೀಡಿಯಾ ಮೇಲ್ ಅಂತ ಅಗ್ಗದ ದರ ಇದೆ. ಅದೇ ಪುಸ್ತಕ ಹೊರದೇಶಕ್ಕೆ ಹೊರಟರೆ ಕೈ ಸುಡುತ್ತದೆ. 2007ರಲ್ಲಿ ಅಲ್ಲಿನ ಅಂಚೆಯವರು ಹೊರದೇಶಕ್ಕೆ ಹಡಗಿನ ಟಪಾಲು ನಿಲ್ಲಿಸಿದರು. ಅಂದಿನಿಂದ ವಿಮಾನದ ದರವೇ ಗತಿ. ಅದಕ್ಕೆ ಸಾಲು ಮಾಡುವಾಗ ಅಮೆರಿಕದ ಓದುಗರನ್ನೆಲ್ಲ ಒಟ್ಟಿಗೆ ಇಡಿ. ಪುಸ್ತಕ ಒಂದು ಸಲ ಒಳಗೆ ಹೋಗಲಿ, ಅಲ್ಲೇ ನಾಲ್ಕೈದು ಊರು ಸುತ್ತಲಿ, ಒಂದೇ ಸಲ ಹೊರಗೆ ಬರಲಿ. ಆ ಕೊನೆಯ ಖರ್ಚನ್ನು ಅಲ್ಲಿ ಓದಿದವರೆಲ್ಲ ಹಂಚಿಕೊಳ್ಳಲಿ. ವಿಳಾಸ ಬಂದ ಹಾಗೆ ಸಾಲು ಮಾಡಿದರೆ ಪುಸ್ತಕ ಸಮುದ್ರ ದಾಟಿ ದಾಟಿ ಓದುಗರ ಜೇಬು ಖಾಲಿಯಾಗುತ್ತದೆ.

ಕೊಲ್ಲಿ ದೇಶಗಳ ವಿಳಾಸ ಬೇರೆ ಥರ. ದುಬೈನಲ್ಲಿ ಟಪಾಲು ಹೋಗುವುದು ಪಿಒ ಬಾಕ್ಸ್, ಅಂದರೆ ಅಂಚೆ ಕಚೇರಿಯ ಪೆಟ್ಟಿಗೆಯ ನಂಬರಿಗೆ. ಕೆಲಸದವರಿಗೆ ಸಾಮಾನ್ಯವಾಗಿ ಕಂಪನಿಯ ಬಾಕ್ಸೇ ವಿಳಾಸ. ಬಾಕ್ಸ್ ನಂಬರ್, ಕಂಪನಿ ಹೆಸರು, ಓದುಗರ ಮೊಬೈಲ್ ನಂಬರ್ ಮೂರೂ ಬೇಕು. ಒಂದು ಬಿಟ್ಟರೂ ಪುಸ್ತಕ ಯಾವುದೋ ಮೂಲೆಯಲ್ಲಿ ಕೂತುಬಿಡುತ್ತದೆ.

ಕಸ್ಟಮ್ಸ್ ಚೀಟಿಯನ್ನು ನಿಜವಾಗಿ ತುಂಬಿ. ಒಳಗೆ ಏನಿದೆ, ತೂಕ ಎಷ್ಟು, ಬೆಲೆ ಎಷ್ಟು. ಓದಿದ ಹಳೆ ಪುಸ್ತಕ, ಮಾರಾಟಕ್ಕಲ್ಲ ಅಂತ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಯುರೋಪಿನ ಒಕ್ಕೂಟದ ದೇಶಗಳಲ್ಲಿ ಹೊರಗಿನಿಂದ ಬಂದ ಸಣ್ಣ ಪಾರ್ಸೆಲ್‌ಗಳಿಗೂ 2021ರ ಜುಲೈಯಿಂದ ತೆರಿಗೆ ಇದೆ. ಆದರೆ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಕಳಿಸಿದ, 45 ಯೂರೋ ಒಳಗಿನ ಉಡುಗೊರೆಗೆ ವಿನಾಯಿತಿ ಇದೆ. ನಮ್ಮ ಜರ್ಮನಿಯ ಅಕ್ಕ ಕಸ್ಟಮ್ಸ್ ಕಚೇರಿಗೆ ಹೋಗಿ ಪೊಟ್ಟಣ ಬಿಚ್ಚಿ ತೋರಿಸಬೇಕಾಯಿತು. ಪುಟಗಳಲ್ಲಿ ಪೆನ್ಸಿಲ್ ಬರಹ ಕಂಡು ಅಲ್ಲಿನವರು ಇದೇನು ಅಂತ ಕೇಳಿದರಂತೆ. ಇವರು ಎಲ್ಲ ವಿವರಿಸಿ ಹೇಳಿ, ಪುಸ್ತಕ ತಗೊಂಡು ಮನೆಗೆ ಬಂದರು.

ನಮ್ಮ ದೇಶದೊಳಗಿನ ಮಾತು ಸ್ವಲ್ಪ ಬದಲಾಗಿದೆ, ಗಮನಿಸಿ. 2024ರ ಡಿಸೆಂಬರ್‌ನಲ್ಲಿ, ಪುಸ್ತಕಗಳಿಗೆ ಅಗ್ಗದ ದರವಿದ್ದ ಹಳೆಯ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಂತಾಗ ನಮಗೆಲ್ಲ ಆತಂಕ ಆಗಿತ್ತು. ಸಣ್ಣ ಪ್ರಕಾಶಕರಿಗಂತೂ ದೊಡ್ಡ ಪೆಟ್ಟು. 2025ರ ಮೇ 1ರಿಂದ ಪುಸ್ತಕಗಳಿಗಾಗಿ ಜ್ಞಾನ ಪೋಸ್ಟ್ ಬಂದಿದೆ. 300 ಗ್ರಾಂ ತನಕ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. ರಸ್ತೆ, ರೈಲಿನಲ್ಲಿ ಹೋಗುತ್ತದೆ, ಆದ್ದರಿಂದ ನಿಧಾನ. ಎಲ್ಲಿ ಬಂತು ಅಂತ ನೋಡಬಹುದು. ಓದುವವರಿಗೆ ನಿಧಾನವಾದರೆ ಏನೂ ನಷ್ಟವಿಲ್ಲ. ಪುಸ್ತಕದ ದರದಲ್ಲಿ ಕಳಿಸುವಾಗ ಒಳಗೆ ಕಾಗದ ಇಡಬಾರದು ಅನ್ನುವುದು ಅಂಚೆಯ ಹಳೆಯ ನಿಯಮ. ಪತ್ರ ಬರೆಯುವುದಿದ್ದರೆ ಬೇರೆ ಕವರಿನಲ್ಲಿ ಕಳಿಸಿ.

ಈ ಅಗ್ಗದ ದರ ಒಂದು ಸಲ ನಮ್ಮ ಎರಡನೇ ಸುತ್ತನ್ನೇ ಉಳಿಸಿತು. 2025ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಹೊಸ ಸುಂಕದ ನಿಯಮಗಳಿಂದ ಭಾರತದ ಅಂಚೆ ಅಲ್ಲಿಗೆ ಬಹುತೇಕ ಪಾರ್ಸೆಲ್ ನಿಲ್ಲಿಸಿತು. ಅದು ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ನಮ್ಮ ಪುಸ್ತಕ ಆಗಷ್ಟೇ ಅಮೆರಿಕಕ್ಕೆ ಹೊರಡಬೇಕಿತ್ತು. ಸುಮ್ಮನೆ ಕೂಡಿಸುವುದು ಬೇಡ ಅಂತ ಬೀದರ್, ಯಾದಗಿರಿ, ರಾಯಚೂರು ಕಡೆ ಕಳಿಸಿದೆವು. ಹೊರದೇಶದ ಸುತ್ತು ಅಂತ ದೂರ ನಿಂತಿದ್ದವರೆಲ್ಲ ಆಗ ಒಳಗೆ ಬಂದರು.

ಒಂದು ಕಟು ಪ್ರಶ್ನೆ ಯಾವಾಗಲೂ ಬರುತ್ತದೆ. ಒಂದೇ ಪ್ರತಿಯನ್ನು ಇಷ್ಟು ಜನ ಓದಿದರೆ ಲೇಖಕರು, ಪ್ರಕಾಶಕರು ಬದುಕುವುದು ಹೇಗೆ? ಇದು ನ್ಯಾಯವಾದ ಪ್ರಶ್ನೆ. ಬ್ರಿಟನ್ನಿನಲ್ಲಿ ಗ್ರಂಥಾಲಯದಿಂದ ಪುಸ್ತಕ ಎರವಲು ಹೋದಾಗ ಲೇಖಕರಿಗೆ ಒಂದಿಷ್ಟು ಹಣ ಸಿಗಬೇಕು ಅಂತ 1979ರಲ್ಲೇ ಕಾನೂನು ಮಾಡಿದ್ದಾರೆ. ನಮ್ಮಲ್ಲಿ ಅದಿಲ್ಲ. ಅದಕ್ಕೆ ನಮ್ಮ ಸುತ್ತಿಗೆ ನಾವೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದೇವೆ. ಓದಿ ಮುಗಿಸಿದವರು ಒಂದು ಹೊಸ ಕನ್ನಡ ಪುಸ್ತಕ ಕೊಳ್ಳಬೇಕು. ಅದೇ ಲೇಖಕರದ್ದಾದರೆ ಇನ್ನೂ ಒಳ್ಳೆಯದು. ಇನ್ನೊಂದು ಮಾತು ಗಟ್ಟಿಯಾಗಿಯೇ ಹೇಳುತ್ತೇನೆ. ಪುಸ್ತಕದ ಪುಟ ಪುಟ ಫೋಟೋ ಹೊಡೆದು ಪಿಡಿಎಫ್ ಮಾಡಿ ವಾಟ್ಸಾಪಿನಲ್ಲಿ ಹಂಚುವುದಕ್ಕೂ ಸುತ್ತಿಗೂ ಸಂಬಂಧವೇ ಇಲ್ಲ. ಅದು ಕಳವು. ಅದನ್ನು ಯಾರೂ ಓದುವುದೂ ಇಲ್ಲ, ಅದಕ್ಕಾಗಿ ಕಾಯುವವರೂ ಇಲ್ಲ.

ಪುಸ್ತಕ ಕಳೆದು ಹೋದರೆ ಏನು ಮಾಡುತ್ತೀರಿ ಅಂತ ಹಿಂದೆ ಕೂತ ಅಣ್ಣ ಕೈ ಎತ್ತಿದ್ದಾರೆ. ಕಳೆಯಬಹುದು. ಮತ್ತೆ ಸಿಗದ ಪುಸ್ತಕವನ್ನು, ಅಪ್ಪ ಸಹಿ ಹಾಕಿಟ್ಟ ಪ್ರತಿಯನ್ನು ಸುತ್ತಿಗೆ ಹಾಕಲೇಬೇಡಿ. ಕಳೆದರೂ ತಾಳಿಕೊಳ್ಳುವಂಥ ಪ್ರತಿ ಕೊಡಿ. ಕಳೆದದ್ದಕ್ಕೆ ಯಾರ ಮೇಲೂ ತಪ್ಪು ಹೊರಿಸುವುದಿಲ್ಲ ಅಂತ ಮೊದಲೇ ಎಲ್ಲರಿಗೂ ಹೇಳಿ. ಓದುವವರು ಹೆದರಿಕೊಂಡು ಪುಸ್ತಕ ಹಿಡಿಯಬಾರದು.

ಮುಂದಿನ ಸುತ್ತು ಯಾವಾಗ ಅಂತ ಇನ್ನೊಬ್ಬ ತಾಯಿ ಕೇಳಿದರು. ಸೇಡಂನಿಂದ ಬಂದಿದ್ದಾರೆ. ಹೊರದೇಶಕ್ಕೆ ಕಳಿಸುವ ಖರ್ಚು ತಮ್ಮಿಂದ ಆಗದು, ಆದರೂ ಸೇರಬಹುದಾ ಅಂತ ಅವರ ಸಂಕೋಚ. ಅಮ್ಮಾ, ನಿಮ್ಮನ್ನು ಸಾಲಿನಲ್ಲಿ ಹೊರದೇಶದ ಗಡಿಯ ಹತ್ತಿರ ಇಡುವುದಿಲ್ಲ. ನಿಮ್ಮ ಮುಂದಿನವರು ಶಹಾಪುರದವರೋ ಬಸವಕಲ್ಯಾಣದವರೋ ಆಗಿರುತ್ತಾರೆ. ಜ್ಞಾನ ಪೋಸ್ಟಿನ ದುಡ್ಡು ಅಷ್ಟೇ ನಿಮ್ಮ ಖರ್ಚು. ಬಾಗಿಲ ಹತ್ತಿರ ಹಾಳೆ ಇಟ್ಟಿದ್ದೇವೆ. ಹೆಸರು, ಪಿನ್‌ಕೋಡ್ ಸಮೇತ ವಿಳಾಸ, ಫೋನ್ ನಂಬರ್ ಬರೆಯಿರಿ. ವಿಳಾಸವನ್ನು ಕನ್ನಡದ ಜೊತೆಗೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲೂ ಬರೆಯಿರಿ, ನಿಮಗೆ ಕಳಿಸುವವರು ಯಾವ ದೇಶದಲ್ಲಿ ಇರುತ್ತಾರೋ ಈಗಲೇ ಹೇಳಲಾಗದು. ಯಾವ ಕಾದಂಬರಿ ಅನ್ನುವುದನ್ನು ಹೆಸರು ಬರೆಸಿದವರೆಲ್ಲ ಕೂಡಿಯೇ ಆರಿಸೋಣ.